ಒಡೆಯದ ಹಾಲು

ನನ್ನ ಕೈಯಲ್ಲಿ ಕುಂಕುಮದ ಬಟ್ಟಲು ಕಂಡರೆ ನಮ್ಮೂರಿನಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಬೇರೆ ಊರುಗಳಲ್ಲಿ ಕುಂಕುಮ ಹಿಡಿದು ಬಂದವಳನ್ನು ಒಳಗೆ ಕರೆದು ಕೂರಿಸುತ್ತಾರಂತೆ, ಮದುವೆಗೋ ಗೃಹಪ್ರವೇಶಕ್ಕೋ ಕರೆಯಲು ಬಂದಿದ್ದಾಳೆ ಎಂದು ಸಂತೋಷಪಡುತ್ತಾರಂತೆ. ನನ್ನನ್ನು ಕಂಡರೆ ಕಿಟಕಿಯ ಪರದೆ ಎಳೆಯುತ್ತಾರೆ, ಟಿವಿಯ ಸದ್ದು ಅಡಗುತ್ತದೆ, ಮನೆಯಲ್ಲಿ ಯಾರೂ ಇಲ್ಲವೆನ್ನುವ ಹಾಗೆ ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತಾರೆ. ನನ್ನ ತಂಗಿಯ ಮಗಳ ಮದುವೆಗೆ ಕರೆಯಲು ಹೋದಾಗಲೂ ಇದೇ ಗತಿಯಾಯಿತು. ಒಂದು ಬೀದಿ ಮುಗಿಸುವುದರಲ್ಲಿ ತಂಗಿ ಓಡಿ ಬಂದು, ನೀನು ಮನೆಯಲ್ಲಿರು ಮಾರಾಯ್ತಿ, ನೀನು ಕರೆದರೆ ಮದುವೆಗೆ ನರಪಿಳ್ಳೆಯೂ ಬರುವುದಿಲ್ಲ ಎಂದು ಬಟ್ಟಲು ಕಿತ್ತುಕೊಂಡಳು. ನನಗೆ ನಗು ಬಂತು, ಆಮೇಲೆ ಬಹಳ ಹೊತ್ತು ಬೇಜಾರಾಯಿತು.

ನನ್ನ ಹೆಸರು ಗೌರಾಂಬ, ಊರಿಗೆಲ್ಲ ಗೌರಕ್ಕ. ಆಸರೆ ಮನೆಯಲ್ಲಿ ಕರೆಯುವವಳ ಕೆಲಸ ನನ್ನದು. ಹರೆಯದ ಮಕ್ಕಳಿಗೆ ಮನಸ್ಸು ಕೆಟ್ಟ ಮನೆಗಳಿಗೆ ಹೋಗಿ, ಮಗುವನ್ನು ಕರೆದುಕೊಂಡು ಬನ್ನಿ, ಕೂತು ಮಾತಾಡಿ, ಗುರುವಾರ ಗುರುವಾರ ಡಾಕ್ಟರಮ್ಮ ಬರುತ್ತಾರೆ, ನಿಮ್ಮ ಮಾತನ್ನೂ ಕೇಳುತ್ತಾರೆ, ಮಗುವಿನ ಮಾತನ್ನೂ ಕೇಳುತ್ತಾರೆ ಎಂದು ತಾಯಿತಂದೆಗೆ ಹೇಳಿ ಬರಬೇಕು. ಅಕ್ಕಪಕ್ಕದವರಿಗೆ ಗೊತ್ತಾಗದಿರಲಿ ಎಂದು ಈ ಕುಂಕುಮದ ಉಪಾಯ ಹೂಡಿದವರು ನಮ್ಮ ಕಮಿಟಿಯವರೇ. ಒಂದು ವಾರದಲ್ಲಿ ಊರಿಗೆಲ್ಲ ಗೊತ್ತಾಗಿ ಹೋಯಿತು. ಆದರೂ ಬಟ್ಟಲು ಬಿಡಬೇಡಿ ಎನ್ನುತ್ತಾರೆ. ಒಂದು ಸಲ ಹಿಡಿದದ್ದನ್ನು ಬಿಡುವ ಜಾಯಮಾನ ಅವರದಲ್ಲ.

ಮಗುವಿಗೆ ಮನಸ್ಸು ಕೆಟ್ಟಿದೆ ಎಂದು ತಿಳಿಯಲು ನಮ್ಮೂರಿನಲ್ಲಿ ಯಾರೂ ಕವಡೆ ಹಾಕಿ ನೋಡಬೇಕಾಗಿಲ್ಲ. ಹದಿಮೂರು ದಾಟಿದ, ಇನ್ನೂ ಇಪ್ಪತ್ತು ತುಂಬದ ಮಗು ಒಳಗೊಳಗೇ ಬೇಯುತ್ತಿದ್ದರೆ, ಅದು ಮಲಗಿ ಏಳುವ ಮನೆಯ ಒಲೆಯ ಮೇಲೆ ಹಾಲು ಒಡೆಯುತ್ತದೆ. ಹಸುವಿನದಾಗಲಿ, ಎಮ್ಮೆಯದಾಗಲಿ, ಪ್ಯಾಕೆಟ್ಟಿನದಾಗಲಿ, ಪುಡಿ ಕಲಸಿದ್ದಾಗಲಿ, ಎಲ್ಲಕ್ಕೂ ಒಂದೇ ಗತಿ. ಮೊಬೈಲು ಕೊಡಿಸಲಿಲ್ಲ ಎಂದು ಮುಖ ಊದಿಸಿಕೊಂಡರೆ ಒಡೆಯುವುದಿಲ್ಲ. ಬಾಗಿಲು ಬಡಿದರೆ, ಒಂದು ಹೊತ್ತು ಊಟ ಬಿಟ್ಟರೆ ಹಾಲು ಕ್ಯಾರೇ ಅನ್ನುವುದಿಲ್ಲ. ಆದರೆ ಮಗು ನಗುನಗುತ್ತಾ ಓಡಾಡಿಕೊಂಡಿದ್ದರೂ ಒಳಗೆ ಕೆಟ್ಟಿದ್ದರೆ, ಬಿಸಿ ಏರುತ್ತಿದ್ದ ಹಾಗೆ ಹಾಲು ನೀರು ನೀರಾಗಿ ಮೇಲೆ ಗಡ್ಡೆ ತೇಲುತ್ತದೆ. ನಮ್ಮಜ್ಜಿಯ ಕಾಲದಲ್ಲೂ ಹೀಗೇ ಇತ್ತು.

ಇಷ್ಟು ಕಣ್ಣಿಗೆ ಹೊಡೆಯುವ ಹಾಗೆ ದೇವರು ತೋರಿಸಿಕೊಟ್ಟ ಮೇಲೆ ಜನ ಏನು ಮಾಡಬೇಕು ಹೇಳಿ. ಒಲೆ ಆರಿಸಿ ಮಗುವಿನ ಪಕ್ಕದಲ್ಲಿ ಹೋಗಿ ಕೂರಬೇಕು. ನಮ್ಮೂರಿನವರು ಹಾಲನ್ನು ಮುಚ್ಚಿಡಲು ಕಲಿತರು. ಕೆಲವರು ಇದ್ದಕ್ಕಿದ್ದ ಹಾಗೆ ಕರಿ ಕಾಫಿಗೆ ಇಳಿಯುತ್ತಾರೆ, ಗ್ಯಾಸ್ಟ್ರಿಕ್ಕು, ಡಾಕ್ಟರು ಹಾಲು ಬೇಡ ಅಂದಿದ್ದಾರೆ ಎನ್ನುತ್ತಾರೆ. ಮನೆಗೆ ಮನೆಯೇ ಗ್ಯಾಸ್ಟ್ರಿಕ್ಕು. ಹಿಂದಿನ ಓಣಿಯಲ್ಲಿ ಮಕ್ಕಳಿಲ್ಲದ ಹೆಂಗಸರು ಕೆಲವರು ಪರರ ಹಾಲು ಕಾಯಿಸಿಕೊಡುವುದನ್ನೇ ಕಸುಬು ಮಾಡಿಕೊಂಡಿದ್ದಾರೆ. ಬೆಳಕು ಹರಿಯುವ ಹೊತ್ತಿಗೆ ಸೆರಗಿನಡಿ ಪಾತ್ರೆ ಮುಚ್ಚಿಕೊಂಡು ಹೋದರೆ ಕೆನೆಗಟ್ಟಿದ ಹಾಲು ಸಿಗುತ್ತದೆ, ತಂದು ನೆಂಟರಿಗೆ ನೊರೆ ಬರಿಸಿ ಕಾಫಿ ಕೊಡಬಹುದು. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರೆ ಜಾತಕಕ್ಕೆ ಮೊದಲು ಅಡುಗೆಮನೆಗೆ ಕಣ್ಣು ಹಾಯಿಸುತ್ತಾರೆ. ಇನ್ನು ಪೇಟೆಬೀದಿಯ ಸಿಹಿ ಅಂಗಡಿಯವನು ಹಿತ್ತಿಲ ಬಾಗಿಲಲ್ಲಿ ಒಡೆದ ಹಾಲನ್ನು ಸದ್ದಿಲ್ಲದೆ ಕೊಳ್ಳುತ್ತಾನೆ. ಪರೀಕ್ಷೆಯ ಕಾಲದಲ್ಲಿ ಅವನ ಅಂಗಡಿಯ ರಸಗುಲ್ಲ ಸುತ್ತಮುತ್ತಲ ಊರಿಗೆಲ್ಲ ಹೆಸರುವಾಸಿ. ನಾನು ಅದನ್ನು ಬಾಯಿಗೆ ಇಡುವುದಿಲ್ಲ.

ಆಸರೆ ಮನೆ ಇರುವುದು ಬಸ್‌ಸ್ಟ್ಯಾಂಡಿನ ಎದುರಿಗೇ. ನಮ್ಮ ಅಧ್ಯಕ್ಷರು ಪುಟ್ಟಸ್ವಾಮಯ್ಯನವರು, ಹಿಂದೆ ಹೆಡ್‌ಮಾಸ್ಟರಾಗಿದ್ದವರು, ಕೆಟ್ಟವರಲ್ಲ. ಅವರದೊಂದು ನಿಯಮ. ತಾಯಿಯೋ ತಂದೆಯೋ ಒಡೆದ ಹಾಲಿನ ಪಾತ್ರೆಯನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡು, ಮಗುವಿನ ಜೊತೆ, ಮುಂಬಾಗಿಲಿನಿಂದಲೇ ಬರಬೇಕು. ಹಿಂದೊಮ್ಮೆ ಯಾವನೋ ಹುಡುಗ ಪರೀಕ್ಷೆ ತಪ್ಪಿಸಿಕೊಳ್ಳಲು ಹಾಲಿಗೆ ನಿಂಬೆಹಣ್ಣು ಹಿಂಡಿ ತಂದಿದ್ದನಂತೆ. ಆ ಒಂದು ನಿಂಬೆಹಣ್ಣಿಗೆ ಊರಿನ ಮಕ್ಕಳಿಗೆಲ್ಲ ಶಿಕ್ಷೆ. ಬಸ್ಸಿಗೆ ಕಾಯುವವರೆಲ್ಲ ಕಣ್ಣು ಕಿಸಿದು ನೋಡುತ್ತಿರುವಾಗ ಒಡೆದ ಹಾಲು ಹಿಡಿದು ರಸ್ತೆ ದಾಟುವ ತಾಯಿ ಯಾರಿದ್ದಾಳೆ? ಹಿಂದಕ್ಕೊಂದು ಬಾಗಿಲು ಇಡಿಸಿ ಸರ್ ಎಂದು ಕೇಳಿ ಕೇಳಿ ನನ್ನ ಬಾಯಿ ಒಣಗಿತು. ನಾವೇನು ಕಳ್ಳ ವ್ಯಾಪಾರ ಮಾಡುತ್ತಿದ್ದೇವೆಯೇ ಗೌರಾಂಬ ಎಂದು ಅವರು ಪ್ರತಿಸಲವೂ ಕೇಳುತ್ತಿದ್ದರು. ಹೀಗಾಗಿ ಡಾಕ್ಟರಮ್ಮ ಗುರುವಾರ ಬಂದು, ಖಾಲಿ ಬೆಂಚುಗಳನ್ನು ನೋಡಿಕೊಂಡು ಕೂತಿದ್ದು, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು.

ಅಂಥ ಮನೆಗೆ ಇಂಚರ ಒಬ್ಬಳೇ ಬಂದಳು. ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಓಂಕಾರಪ್ಪನ ಒಬ್ಬಳೇ ಮಗಳು, ಮೊದಲ ಪಿಯುಸಿ. ಅವಳನ್ನು ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದಳೆಂದು ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿಸಿದ್ದರು, ಅದು ಬಿಸಿಲಿಗೆ ಬಿಳಿಚಿಕೊಂಡು ಇನ್ನೂ ಅಲ್ಲೇ ಇತ್ತು. ಕಾಲೇಜಿನ ಸಮವಸ್ತ್ರದಲ್ಲಿದ್ದಳು. ನನ್ನ ಮುಂದೆ ಸ್ಟೀಲಿನ ಟಿಫಿನ್ ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ಒಳಗೆ ಒಡೆದ ಹಾಲು, ಇನ್ನೂ ಬೆಚ್ಚಗಿತ್ತು.

"ನಮ್ಮನೇದು ಗೌರಕ್ಕ. ಅಮ್ಮ ಬಚ್ಚಲಿಗೆ ಚೆಲ್ಲೋದಕ್ಕೆ ಮುಂಚೆ ಎತ್ಕೊಂಡ್ ಬಂದೆ," ಎಂದಳು.

ಏನಾಯಿತು ಕಂದ ಎಂದು ಕೇಳಿದೆ. ಯಾರಾದರೂ ಏನಾದರೂ ಮಾಡಿದರೇ, ಅಂದರೇ ಎಂದು ಕೇಳಿದೆ. ಏನೂ ಆಗಿಲ್ಲ, ಅದಕ್ಕೇ ಹೇಳುವುದು ಕಷ್ಟ ಎಂದಳು. ಗೌರಿ ಹಬ್ಬದ ಹೊತ್ತಿಗೆ ಶುರುವಾಯಿತಂತೆ. ಬೆಳಿಗ್ಗೆ ಎದ್ದರೆ ಆಗಲೇ ದಣಿವು. ಊಟ ಮಾಡಿದರೆ ಸಪ್ಪೆ, ಉಪ್ಪು ಹಾಕಿಕೊಂಡರೂ ಸಪ್ಪೆ. ಗೆಳತಿಯರು ನಕ್ಕಾಗ ತಾನೂ ನಗುತ್ತಾಳೆ, ಯಾಕೆ ನಗುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಪುಸ್ತಕದ ಒಂದೇ ಪುಟವನ್ನು ಓದುತ್ತಾ ಕೂರುತ್ತಾಳೆ. ಅಳೋಣವೆಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತರೆ ಅಳುವೂ ಬರುವುದಿಲ್ಲ. ಇದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ಕೂತು ಹೇಳಿದಳು, ಜಾಣ ಹುಡುಗಿ. ಅಮ್ಮನಿಗೆ ಹೇಳಿದೆಯಾ ಎಂದು ಕೇಳಿದ್ದಕ್ಕೆ ಮಾತ್ರ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತಾ ತಲೆ ತಗ್ಗಿಸಿದಳು.

"ಅಮ್ಮ ದಿನಾ ಹಾಲಿನ ಮುಖ ನೋಡ್ತಾಳೆ ಗೌರಕ್ಕ. ನನ್ನ ಮುಖ ನೋಡಲ್ಲ."

ನಾನು ಅವಳನ್ನು ಪುಟ್ಟಸ್ವಾಮಯ್ಯನವರ ಕೋಣೆಗೆ ಕರೆದುಕೊಂಡು ಹೋದೆ. ಅವರು ಅವಳ ತಲೆ ಸವರಿದರು, ಫ್ಲೆಕ್ಸು ನೋಡಿ ಎಷ್ಟು ಹೆಮ್ಮೆಪಟ್ಟೆ ಎಂದು ಹೇಳಿದರು, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬಾ ಪುಟ್ಟ ಎಂದರು. ಟಿಫಿನ್ ಡಬ್ಬಿಯ ಕಡೆ ನೋಡಲಿಲ್ಲ. ಈ ಮಗು ತಂದಿರುವುದು ಹಾಲಲ್ಲದೆ ಸುಣ್ಣದ ನೀರೇ ಸರ್ ಎಂದು ನಾನು ಕೇಳಿಬಿಟ್ಟೆ. ಇವತ್ತು ಒಬ್ಬಳನ್ನು ಬಿಟ್ಟುಕೊಂಡರೆ ನಾಳೆ ಇಡೀ ಕಾಲೇಜು ಡಬ್ಬಿ ಹಿಡಿದು ಬರುತ್ತದೆ ಎಂದರು ಅವರು. ಬರಲಿ, ಅದಕ್ಕೇ ಅಲ್ಲವೇ ನಾವು ಬಾಗಿಲು ತೆರೆದಿರುವುದು ಎಂದೆ. ನನ್ನ ಬಾಯಿ ಸರಿಯಿಲ್ಲ ಎಂದು ಕಮಿಟಿಯಲ್ಲಿ ಮೊದಲಿಂದಲೂ ಮಾತಿದೆ. ಇಂಚರ ನಮ್ಮಿಬ್ಬರ ಜಗಳದ ನಡುವೆ ಡಬ್ಬಿಯ ಮುಚ್ಚಳ ಹಾಕಿ, ಕ್ಲಿಪ್ಪು ಒತ್ತಿ, ಬ್ಯಾಗಿನೊಳಗೆ ಇಟ್ಟುಕೊಂಡಳು.

ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಪಾತ್ರೆಯೂ ಬೇಡ, ಮುಂಬಾಗಿಲೂ ಬೇಡ, ಅಧ್ಯಕ್ಷರ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ ಎಂದರು. ಆದರೆ ಹುಡುಗಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಔಷಧಿ ಕೊಡಬೇಕಾಗಬಹುದು, ಮನೆಯಲ್ಲಿ ನೋಡಿಕೊಳ್ಳುವವರು ಬೇಕು, ಅದಕ್ಕೆ ಹೆತ್ತವರಲ್ಲಿ ಒಬ್ಬರಾದರೂ ಜೊತೆಗೆ ಬರಲೇಬೇಕು ಎಂದರು. ಇದು ಸರಿಯಾಗುವಂಥ ಕಾಯಿಲೆ, ಬೇಗ ಕರೆತನ್ನಿ ಎಂದೂ ಹೇಳಿದರು. ಅಷ್ಟೇ ಬೇಕಾಗಿದ್ದದ್ದು. ಒಬ್ಬ ತಾಯಿ, ಅಥವಾ ಒಬ್ಬ ತಂದೆ, ಒಂದು ಗುರುವಾರ. ಅಮ್ಮನನ್ನು ಕರೆಯುತ್ತೀರಾ ಗೌರಕ್ಕ ಎಂದು ಇಂಚರ ಕೇಳಿದಳು. ಕರೆಯುವುದೇ ನನ್ನ ಕೆಲಸ ಕಣೇ ಎಂದೆ.

ಕುಂಕುಮದ ಬಟ್ಟಲು ಹಿಡಿದು ಓಂಕಾರಪ್ಪನ ಮನೆಗೆ ಹೋದೆ. ಎಲ್ಲರೂ ಬಾಗಿಲು ಹಾಕಿಕೊಂಡರೆ ಇಂಚರಳ ಅಮ್ಮ ವನಜಾಕ್ಷಿ ಬಾಗಿಲನ್ನು ಹಾರು ಹೊಡೆದು, ನಾಲ್ಕು ಮನೆಗೆ ಕೇಳುವ ಹಾಗೆ ಬನ್ನಿ ಗೌರಕ್ಕ ಎಂದು ಕರೆದು, ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರಿಸಿದಳು. ಒಳಗೆ ಹೋಗಿ ಒಂದು ಲೋಟ ಕಾಫಿ ತಂದಳು, ಮೇಲೆ ನೊರೆ, ಕೆನೆಯ ಎಳೆ. ಅಡುಗೆಮನೆಯಲ್ಲಿ ಊದುಬತ್ತಿ ಹಚ್ಚಿಟ್ಟಿದ್ದಳು, ಅದರ ಹೊಗೆಯ ಅಡಿಯಲ್ಲಿ ಹುಳಿ ವಾಸನೆ ತಣ್ಣಗೆ ಕೂತಿತ್ತು.

"ನಮ್ಮನೇಲಿ ಹಾಲಿಗೇನಾಗಿದೆ ಗೌರಕ್ಕ, ಕುಡೀರಿ," ಎಂದಳು.

ಕುಡಿದೆ. ಹಿಂದಿನ ಓಣಿಯಲ್ಲಿ ಯಾರು ಹಾಲು ಕಾಯಿಸಿದರೆ ಸ್ವಲ್ಪ ತಳ ಹತ್ತಿದ ರುಚಿ ಬರುತ್ತದೆ ಎಂದು ನನಗೆ ಗೊತ್ತು. ಲೋಟ ಕೆಳಗಿಟ್ಟು, ದನಿ ಇಳಿಸಿ, ನಿಮ್ಮ ಮಗಳೇ ಡಬ್ಬಿ ಹಿಡಿದುಕೊಂಡು ಬಂದಿದ್ದಳು ಎಂದೆ. ವನಜಾಕ್ಷಿಯ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಯಾರು ಯಾರು ನೋಡಿದರು ಎಂದು ಕೇಳಿದಳು. ಅದು ಮೊದಲನೆಯ ಪ್ರಶ್ನೆ. ನನಗೆ ಉರಿದುಹೋಯಿತು, ಆದರೂ ಅವಳನ್ನು ಕೆಟ್ಟ ತಾಯಿ ಎನ್ನಲಾರೆ. ಮಗಳು ಊಟ ಬಿಟ್ಟರೆ ತಾನೂ ಬಿಡುತ್ತಿದ್ದಳು, ಮಲಗಿದ ಮೇಲೆ ಹೋಗಿ ದೃಷ್ಟಿ ತೆಗೆಯುತ್ತಿದ್ದಳು. ಹೆಸರು ಕೆಟ್ಟರೆ ಮಗುವಿನ ಬಾಳೇ ಕೆಟ್ಟುಹೋಗುತ್ತದೆ ಎಂದು ನಿಜವಾಗಿ ನಂಬಿದ್ದಳು. ಪರೀಕ್ಷೆ ಒಂದು ಮುಗಿಯಲಿ, ತಾನಾಗೇ ಸರಿಹೋಗುತ್ತೆ, ನಮ್ಮ ಕಾಲದಲ್ಲಿ ನಮಗೂ ಬೇಜಾರು ಅನ್ನೋದು ಇರಲಿಲ್ಲವೇ ಎಂದಳು. ನಿಮ್ಮ ಕಾಲದಲ್ಲೂ ಹಾಲು ಒಡೆಯುತ್ತಿತ್ತು ತಾಯಿ, ನಿಮ್ಮಮ್ಮನೂ ಓಣಿಗೆ ಓಡುತ್ತಿದ್ದರು ಎಂದೆ. ನಾನು ಹೊರಟಾಗ ನನ್ನ ಎರಡೂ ಕೈ ಹಿಡಿದು, ಯಾರಿಗೂ ಹೇಳಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದಳು.

ಅಲ್ಲಿಂದ ಓಂಕಾರಪ್ಪನ ಅಂಗಡಿಗೆ ಹೋದೆ. ಗಿರಾಕಿ ಹೋಗುವ ತನಕ ಕಾದಿದ್ದು ವಿಷಯ ಹೇಳಿದೆ. ಅವನು ಅಳಲಿಲ್ಲ, ಲೆಕ್ಕ ಒಪ್ಪಿಸಿದ. ಸ್ಟೀಲು ಪಾತ್ರೆಯಲ್ಲಿ ಒಡೆಯುತ್ತದೆ ಎಂದು ಹಿತ್ತಾಳೆಯದು ಕೊಟ್ಟನಂತೆ, ಕಲಾಯಿ ಹಾಕಿಸಿದನಂತೆ, ಮಣ್ಣಿನ ಮಡಕೆ ತರಿಸಿದನಂತೆ. ಹಾಲಿನವನನ್ನು ಬದಲಾಯಿಸಿದ, ಒಲೆಯ ಬರ್ನರು ಬದಲಾಯಿಸಿದ, ಅಡುಗೆಮನೆಯ ವಾಸ್ತು ಸರಿಯಿಲ್ಲವೆಂದು ಒಲೆಯನ್ನೇ ಈ ಗೋಡೆಯಿಂದ ಆ ಗೋಡೆಗೆ ತಿರುಗಿಸಿದ. ಹುಡುಗಿಯ ಹತ್ತಿರ ಮಾತಾಡಿದಿರಾ ಎಂದು ಕೇಳಿದೆ. ಏನು ಮಾತಾಡುವುದು ಎಂದು ನನ್ನನ್ನೇ ಕೇಳಿದ.

"ಅವಳಿಗೆ ನಾವೇನು ಕಮ್ಮಿ ಮಾಡಿದೀವಿ ಗೌರಕ್ಕ, ನೀವೇ ಹೇಳಿ."

ಕಮ್ಮಿ ಮಾಡಿದ್ದೀರಿ ಎಂದು ಯಾರೂ ಅನ್ನುತ್ತಿಲ್ಲ, ಒಂದು ಗುರುವಾರ ಅವಳ ಜೊತೆಯಲ್ಲಿ ಬಂದು ಕೂತರೆ ಸಾಕು ಎಂದೆ. ಗುರುವಾರ ಸಂತೆ, ವ್ಯಾಪಾರದ ದಿನ, ಮುಂದಿನ ವಾರ ನೋಡೋಣ ಎಂದ. ಹೊರಡುವಾಗ ಹೊಸದೊಂದು ಮುಚ್ಚಳದ ಪಾತ್ರೆ ತೆಗೆದು, ಬೇಡವೆಂದರೂ ನನ್ನ ಕೈಗೆ ತುರುಕಿದ. ನಾನು ಅದನ್ನು ಅವನ ಗಲ್ಲಾಪೆಟ್ಟಿಗೆಯ ಮೇಲೇ ಇಟ್ಟು ಬಂದೆ.

ಮುಂದಿನ ವಾರ ಅವರು ಬರಲಿಲ್ಲ. ಬದಲಿಗೆ ಇಂಚರಳನ್ನು ಕೋಟೆಬೀದಿಯ ದೊಡ್ಡಮ್ಮನ ಮನೆಗೆ ಕಳಿಸಿದರು. ಸ್ವಲ್ಪ ಹವಾ ಬದಲಾದರೆ ಸರಿಹೋಗುತ್ತದೆ ಎಂದು ನೆರೆಯವರಿಗೆ ಹೇಳಿದರು, ನೆರೆಯವರು ತಲೆಯಾಡಿಸಿದರು. ಪೇಟೆಬೀದಿಯಿಂದ ಕೋಟೆಬೀದಿಗೆ ಅದೆಂಥ ಹವಾ ಬದಲಾಗುತ್ತದೋ ನನಗೆ ತಿಳಿಯದು. ದೊಡ್ಡಮ್ಮನ ಮಕ್ಕಳೆಲ್ಲ ಬೆಳೆದು ದೂರವಾಗಿದ್ದರು, ಅವಳ ಒಲೆಯ ಮೇಲೆ ಎಷ್ಟೋ ವರ್ಷಗಳಿಂದ ಹಾಲು ಕೆಟ್ಟಿರಲಿಲ್ಲ. ಹುಡುಗಿ ಹೋದ ಮಾರನೆಯ ಬೆಳಿಗ್ಗೆ ಒಡೆಯಿತು, ಅದರ ಮರುದಿನವೂ ಒಡೆಯಿತು. ಆಕೆ ಒಂದು ಆಟೋ ಮಾಡಿಕೊಂಡು, ಒಂದು ಕಡೆ ಹುಡುಗಿಯನ್ನು, ಇನ್ನೊಂದು ಕಡೆ ಒಡೆದ ಹಾಲಿನ ಪಾತ್ರೆಯನ್ನು ಇಟ್ಟುಕೊಂಡು ಬಂದು, ನಿಮ್ಮದು ನಿಮ್ಮ ಮನೆಯಲ್ಲೇ ಇರಲಿ ತಂಗಿ, ನನ್ನ ಮನೆಗೆ ಯಾಕೆ ಕೆಟ್ಟ ಹೆಸರು ಎಂದು ಎರಡನ್ನೂ ಇಳಿಸಿ ಹೋದಳು.

ಇದೆಲ್ಲ ನನಗೆ ಹೇಳಿದವಳು ಇಂಚರಳೇ. ಕಾಲೇಜಿನಿಂದ ಬರುವಾಗ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿರುತ್ತಿದ್ದಳು. ನಾನು ಎರಡು ಬಾಳೆಹಣ್ಣು ತಂದು ಪಕ್ಕದಲ್ಲಿ ಕೂರುತ್ತಿದ್ದೆ. ಒಳಗೆ ಕೂರಿಸಲು ನಿಯಮ ಬಿಡುವುದಿಲ್ಲ, ಬೆಂಚಿಗೆ ನಿಯಮವಿರಲಿಲ್ಲ. ಆವತ್ತು ಅವಳು ಹಣ್ಣು ಸುಲಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ದೊಡ್ಡಮ್ಮ ಹೋದ ಮೇಲೆ ಅಮ್ಮ ಬೈಯಲಿಲ್ಲವಂತೆ, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳಂತೆ. ಹಾಕುತ್ತಾ ಹಾಕುತ್ತಾ ಒಂದು ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳಂತೆ.

"ನೀನಿಲ್ದಾಗ ಎರಡು ದಿನ ಹಾಲು ಎಷ್ಟು ಚೆನ್ನಾಗಿ ಬಂತು ಗೊತ್ತೇನೇ. ನಮ್ಮನೆ ಒಲೆ ಸರಿಯಾಗೇ ಇದೆ."

ಇಂಚರ ಅದನ್ನು ಸಿಟ್ಟಿಲ್ಲದೆ, ಅಮ್ಮನ ದನಿಯಲ್ಲೇ ಹೇಳಿ ತೋರಿಸಿದಳು. ಆಡಬಾರದ ಮಾತು, ಆಡಿದವಳಿಗೆ ಅದು ಗೊತ್ತೂ ಇಲ್ಲ. ಅಮ್ಮ ಹಾಲಿನ ಬಗ್ಗೆ ಹೇಳಿದ್ದು ಕಣೇ, ನಿನ್ನ ಬಗ್ಗೆ ಅಲ್ಲ ಎಂದೆ. ಹೌದು ಗೌರಕ್ಕ, ಹಾಲಿನ ಬಗ್ಗೆಯೇ ಎಂದಳು. ಎದುರಿಗೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು, ಅವಳು ಬೋರ್ಡುಗಳನ್ನು ಓದುತ್ತಿದ್ದಳು. ಆಮೇಲೆ, ಬೇರೆ ಊರುಗಳಲ್ಲಿ ಹಾಲು ಒಡೆಯುವುದಿಲ್ಲವಂತೆ, ನಿಜವೇ ಎಂದು ಕೇಳಿದಳು. ನಿಜ, ಆದರೆ ಅಲ್ಲಿಯ ಮಕ್ಕಳು ಬೇಯುವುದಿಲ್ಲ ಎಂದಲ್ಲ, ಅಲ್ಲಿ ಯಾರಿಗೂ ತಿಳಿಯುವುದೂ ಇಲ್ಲ ಅಷ್ಟೇ ಎಂದೆ. ಇದೇ ಗುರುವಾರ ನಿಮ್ಮಮ್ಮನನ್ನು ಎಳೆದುಕೊಂಡಾದರೂ ಬರುತ್ತೇನೆ, ಅಲ್ಲಿಯ ತನಕ ದಿನಾ ಈ ಬೆಂಚಿಗೆ ಬಾ ಎಂದೆ. ಬರುತ್ತೇನೆ ಎಂದು ತಲೆಯಾಡಿಸಿ, ಬಾಳೆಹಣ್ಣನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು.

ಅವತ್ತೇ ವನಜಾಕ್ಷಿಯ ಮನೆಗೆ ಹೋದೆ, ಬಟ್ಟಲೂ ಇಲ್ಲ ಗಿಟ್ಟಲೂ ಇಲ್ಲ. ಒಳಗೆ ನುಗ್ಗಿ ಅಡುಗೆಮನೆಯಲ್ಲೇ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನ ಒಲೆ ಸರಿಯಾಗಿರುವುದನ್ನು ಕಟ್ಟಿಕೊಂಡು ಏನು ಮಾಡುತ್ತೀಯಾ ಎಂದೆ. ಮಗಳ ತಲೆಗೆ ಎಣ್ಣೆ ಹಚ್ಚುವಾಗ ಅವಳ ಮುಖ ಒಂದು ಸಲ ಈ ಕಡೆ ತಿರುಗಿಸಿಕೊಂಡು ನೋಡಿದ್ದರೆ ಸಾಕಿತ್ತಲ್ಲ ಎಂದೆ. ವನಜಾಕ್ಷಿ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು. ಅವಳಿಗೂ ಸಾಕಾಗಿತ್ತು. ಮುಸುಕು ಹಾಕಿಕೊಂಡು ಓಣಿಗೆ ಓಡುವುದು, ಊದುಬತ್ತಿ ಹಚ್ಚುವುದು, ನೆಂಟರ ಮುಂದೆ ನಗುವುದು. ಕೊನೆಗೆ ಬರುತ್ತೇನೆ ಎಂದಳು. ಈ ಗುರುವಾರ, ಮುಂಬಾಗಿಲಿನಿಂದಲೇ, ಪಾತ್ರೆ ಹಿಡಿದುಕೊಂಡೇ ಬರುತ್ತೇನೆ, ಯಾರು ಬೇಕಾದರೂ ನೋಡಿಕೊಳ್ಳಲಿ ಎಂದಳು. ದೇವರ ಪಟದ ಮೇಲೆ ಕೈಯಿಟ್ಟಳು. ಇಂಚರ ಇನ್ನೂ ಟ್ಯೂಷನ್ನಿನಿಂದ ಬಂದಿರಲಿಲ್ಲ. ಬಂದ ಕೂಡಲೇ ಅವಳಿಗೆ ಹೇಳಿ, ಇವತ್ತೇ ಹೇಳಿ ಎಂದೆ. ಆಗಲಿ ಎಂದಳು. ಆಮೇಲೆ ತಿಳಿದದ್ದು, ಗಂಡನನ್ನು ಒಂದು ಮಾತು ಕೇಳಿ ಹೇಳೋಣವೆಂದು ಸುಮ್ಮನಿದ್ದಳಂತೆ.

ಎರಡು ದಿನ ಇಂಚರ ಬೆಂಚಿಗೆ ಬಂದಳು. ಅಮ್ಮ ಏನಾದರೂ ಹೇಳಿದಳೇ ಎಂದರೆ ಇಲ್ಲವೆಂದಳು. ಗುರುವಾರ ಬರುತ್ತಾಳೆ ನೋಡುತ್ತಿರು, ನನಗೆ ಮಾತು ಕೊಟ್ಟಿದ್ದಾಳೆ ಎಂದು ನಾನೇ ಹೇಳಿದೆ. ನನ್ನ ಮುಖ ನೋಡಿ ನಕ್ಕಳು. ನಂಬಿದಳು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಆಸರೆ ಮನೆಯ ಕಸ ಗುಡಿಸಿ, ಬೆಂಚು ಒರೆಸಿ, ಡಾಕ್ಟರಮ್ಮನ ಕುರ್ಚಿಯ ಎದುರಿಗೆ ಎರಡು ಕುರ್ಚಿ ಹಾಕಿ ಕಾದೆ. ಹೇಳಿದ ಹೊತ್ತಿಗಿಂತ ಬಹಳ ಮುಂಚೆಯೇ ವನಜಾಕ್ಷಿ ರಸ್ತೆ ದಾಟಿ ಬರುತ್ತಿರುವುದು ಕಂಡಿತು. ಮುಂಬಾಗಿಲಿನ ಕಡೆಗೇ ಬರುತ್ತಿದ್ದಳು, ಬಸ್‌ಸ್ಟ್ಯಾಂಡಿನವರೆಲ್ಲ ನೋಡುತ್ತಿದ್ದರು, ಕೈಯಲ್ಲಿ ಪಾತ್ರೆಯೂ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ಹತ್ತಿರ ಬಂದಾಗ ನೋಡಿದೆ, ತಲೆ ಬಾಚಿ ಹೂ ಮುಡಿದಿದ್ದಳು, ಮುಖ ತುಂಬ ನಗು. ಮುಚ್ಚಳ ತೆಗೆದಳು. ಶಾವಿಗೆ ಪಾಯಸ, ಮೇಲೆ ಗೋಡಂಬಿ, ದ್ರಾಕ್ಷಿ.

"ಹಾಲು ಉಕ್ತು ಗೌರಕ್ಕ. ನಮ್ಮನೆ ಒಲೆ ಮೇಲೇನೇ. ಉಕ್ಕಿ ಹರೀಲಿ ಅಂತ ಹಾಗೇ ಬಿಟ್ಟೆ," ಎಂದಳು.

ಇನ್ನು ಇಲ್ಲಿಗೆ ಬರುವ ಅಗತ್ಯವಿಲ್ಲ ಅಲ್ಲವೇ, ತಾನಾಗೇ ಸರಿಹೋಗುತ್ತೆ ಅಂತ ಹೇಳಿರಲಿಲ್ಲವೇ, ಮೊದಲ ಬಟ್ಟಲು ನಿಮಗೇ ಅಂತ ಹಾಗೇ ಓಡಿ ಬಂದೆ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ಇಂಚರ ಎಲ್ಲಿ ಎಂದು ಕೇಳಿದೆ.

"ಮಲ್ಕೊಂಡಿದಾಳೆ, ಪಾಪ. ಎಷ್ಟು ದಿನದ ನಿದ್ದೆಯೋ, ಎಬ್ಬಿಸಲಿಲ್ಲ."

ನೋಡಿದೆಯಾ ಎಂದು ಕೇಳಿದೆ. ಹೊದಿಕೆ ಕಂಡಿತು ಎಂದಳು. ಅಷ್ಟು ಹೇಳುವುದರೊಳಗೆ ಅವಳ ಮುಖ ತಾನಾಗೇ ಬದಲಾಯಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ, ಅವಳು ನನ್ನ ಹಿಂದೆ ಓಡಿ ಬಂದಳು, ಪಾಯಸ ದಾರಿಯುದ್ದಕ್ಕೂ ತುಳುಕಿತು. ಕೋಣೆಯಲ್ಲಿ ಹಾಸಿಗೆಯ ಮೇಲೆ ಎರಡು ದಿಂಬು ಉದ್ದಕ್ಕೆ ಮಲಗಿಸಿ, ಹೊದಿಕೆಯನ್ನು ಅಂಚು ಸೇರಿಸಿ ನೀಟಾಗಿ ಹೊದಿಸಿತ್ತು. ಹಿತ್ತಿಲ ಬಾಗಿಲ ಚಿಲಕ ತೆಗೆದಿತ್ತು. ಬಟ್ಟೆ, ಪುಸ್ತಕ, ಕಿವಿಯ ಓಲೆ ಎಲ್ಲ ಇದ್ದಲ್ಲೇ ಇದ್ದವು. ಅಡುಗೆಮನೆಯಲ್ಲಿ ಅವಳ ಟಿಫಿನ್ ಡಬ್ಬಿ ಮಾತ್ರ ಇರಲಿಲ್ಲ. ಒಲೆಯ ಸುತ್ತ ಉಕ್ಕಿ ಹರಿದ ಹಾಲು ಒಣಗುತ್ತಾ ಇತ್ತು. ಇಂಚರ ಮನೆಯಿಂದ ಹೊರಗೆ ಕಾಲಿಟ್ಟ ಮೇಲೆಯೇ ಅದು ಉಕ್ಕಿದ್ದು.

ಮೊದಲ ಬಸ್ಸಿನ ಕಂಡಕ್ಟರು ಸಮವಸ್ತ್ರದ ಹುಡುಗಿಯೊಬ್ಬಳನ್ನು ನೋಡಿದ ನೆನಪಿದೆ ಎಂದ, ಎಲ್ಲಿ ಇಳಿದಳೋ ನೆನಪಿಲ್ಲ ಎಂದ. ಮರುದಿನ, ಅದು ಬೇರೆ ಹುಡುಗಿ ಇರಬಹುದು ಎಂದ. ಪೊಲೀಸರು ಬಂದರು, ಕೆರೆ ಬಾವಿ ಎಲ್ಲ ನೋಡಿದರು, ಸದ್ಯ, ಎಲ್ಲೂ ಏನೂ ಸಿಗಲಿಲ್ಲ. ಓಂಕಾರಪ್ಪ ಅಂಗಡಿಗೆ ಬೀಗ ಹಾಕಿ, ಫೋಟೋ ಹಿಡಿದು ಊರೂರು ತಿರುಗುತ್ತಿದ್ದಾನೆ, ಈಗ ಅವನಿಗೆ ಗುರುವಾರ ಸಂತೆಯಿಲ್ಲ. ಪುಟ್ಟಸ್ವಾಮಯ್ಯನವರು ಕಮಿಟಿ ಸೇರಿಸಿ ಆಸರೆ ಮನೆಗೆ ಹಿಂಬಾಗಿಲು ಇಡಿಸಿದ್ದಾರೆ. ಉದ್ಘಾಟನೆಗೆ ಟೇಪು ಕತ್ತರಿಸಿ, ಸಿಹಿ ಅಂಗಡಿಯಿಂದ ರಸಗುಲ್ಲ ತರಿಸಿ ಹಂಚಿದರು. ನಾನು ಎದ್ದು ಹೊರಗೆ ಬಂದೆ.

ವನಜಾಕ್ಷಿಗೆ ಒಂದು ಆಸೆ ಹಿಡಿದಿದೆ. ಮಗಳು ಊರು ಬಿಟ್ಟಿಲ್ಲ, ಯಾರೋ ಗೆಳತಿಯ ಮನೆಯಲ್ಲೋ, ಯಾರದೋ ಮಹಡಿಯ ಮೇಲೋ ಅಡಗಿದ್ದಾಳೆ ಎನ್ನುತ್ತಾಳೆ. ಹಾಗಿದ್ದರೆ ಆ ಮನೆಯಲ್ಲಿ ಹಾಲು ಒಡೆಯಲೇಬೇಕು. ಅದಕ್ಕೇ ನನ್ನ ಕುಂಕುಮದ ಬಟ್ಟಲು ಇಸಿದುಕೊಂಡು ಬೀದಿ ಬೀದಿ ತಿರುಗುತ್ತಾಳೆ. ಒಂದೊಂದು ಬಾಗಿಲನ್ನೂ ತಟ್ಟಿ, ನಿಮ್ಮನೇಲಿ ಹಾಲು ಒಡೀತಿದೆಯಾ ಅಮ್ಮ ಎಂದು ಕೇಳುತ್ತಾಳೆ. ಬಾಗಿಲು ತೆಗೆದವರು ಇಲ್ಲಪ್ಪ, ನಮ್ಮ ಹಾಲು ಚೆನ್ನಾಗಿದೆ ಎನ್ನುತ್ತಾರೆ. ಅವರ ಹಿಂದೆ ಅಡುಗೆಮನೆಯಿಂದ ಊದುಬತ್ತಿಯ ಹೊಗೆ ಬರುತ್ತಿರುತ್ತದೆ. ನಿಜ ಹೇಳಿ, ನಾನು ಯಾರಿಗೂ ಹೇಳುವುದಿಲ್ಲ ಎಂದು ವನಜಾಕ್ಷಿ ಕೈ ಮುಗಿಯುತ್ತಾಳೆ. ಒಂದು ಲೋಟ ಕಾಫಿ ತಂದು ಕೊಡುತ್ತಾರೆ, ಮೇಲೆ ನೊರೆ, ಕೆನೆಯ ಎಳೆ. ಅವಳಿಗೆ ಆ ರುಚಿ ಗೊತ್ತು. ಕುಡಿದು, ಮುಂದಿನ ಮನೆಗೆ ಹೋಗುತ್ತಾಳೆ.

ಬೆಳಿಗ್ಗೆ ನಾನು ಅವಳ ಮನೆಗೆ ಹೋಗಿ ನಿಲ್ಲುತ್ತೇನೆ, ಒಬ್ಬಳನ್ನೇ ಬಿಡಲು ಮನಸ್ಸಾಗುವುದಿಲ್ಲ. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡನ್ನೂ ಹಾರು ಹೊಡೆದು, ಹಾಸಿಗೆ ಝಾಡಿಸಿ ಹಾಕಿ, ಒಲೆಯ ಮೇಲೆ ಹಾಲಿಡುತ್ತಾಳೆ. ಕಣ್ಣು ಮಿಟುಕಿಸದೆ ಪಾತ್ರೆಯ ಮೇಲೆ ಬಾಗಿ ನಿಲ್ಲುತ್ತಾಳೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ.

"ಒಡಿಯೇ ತಾಯಿ," ಎನ್ನುತ್ತಾಳೆ, "ಒಂದೇ ಒಂದ್ಸಲ ಒಡಿ."

ಹಾಲು ಕೆನೆಗಟ್ಟಿ, ಮೇಲೆದ್ದು, ಉಕ್ಕಿ ಹರಿಯುತ್ತದೆ. ಅವಳು ಕೈ ಚಾಚುವುದಿಲ್ಲ. ಒಲೆಯನ್ನು ನಾನೇ ಆರಿಸುತ್ತೇನೆ.